ಎಂಜಿನ್ ಮೇಲಿನ ಊರು

ನಗರಸಭೆಯವರು ನನಗೊಂದು ಕೆಲಸ ಹಚ್ಚಿದರು:
ಅರಸೀಕೆರೆಯ ಚರಿತ್ರೆ, ಭೂಗೋಳ,
ಎರಡು ಪುಟ ಮೀರದಂತೆ, ಹೊಸ ಕಟ್ಟಡದ ಗೋಡೆಗೆ.
ಒಂಬತ್ತನೇ ಕ್ಲಾಸಿಗೆ ಇಪ್ಪತ್ತಾರು ವರ್ಷ ಅದನ್ನೇ ಪಾಠ ಮಾಡಿದವನು
ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ.
ಅರಸಿ ಯಾರು?
ಕೆರೆ ಕಟ್ಟಿಸಿದಳು ಅನ್ನುತ್ತಾರೆ, ಅಷ್ಟೇ.
ಪದವಿಯನ್ನು ಊರಿಗೆ ಕೊಟ್ಟು
ಹೆಸರನ್ನು ತಾನೇ ಒಯ್ದವಳು.

ಅವತ್ತು ಜಾವಾ ಕೆಟ್ಟಿತ್ತು.
ಕೊಬ್ಬರಿ ಮಂಡಿಯ ಹಿಂದೆ, ದಸ್ತಗೀರ್ ಸಾಬರ ಗ್ಯಾರೇಜಲ್ಲಿ,
ಟೈರಿನ ಮೇಲೆ ಕೂತು ಇದನ್ನೇ ತೋಡಿಕೊಂಡೆ.
ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತ ಅವರು,
"ನಮ್ಮೂರಿಂದು ನಂಗೆ ಗೊತ್ತಿಲ್ಲ ಮೇಷ್ಟ್ರೇ,
ಇದರೂರಿಂದು ಬೇಕಾದ್ರೆ ಹೇಳ್ತೀನಿ."

ಎಂಜಿನ್ ಪಕ್ಕ ಒಂದು ತಗಡು. ಒರೆಸಿದರೆ ಅಕ್ಷರ:
ತೀನೆಟ್ಸ್. ಅದರ ಬೆನ್ನಿಗೆ ಹೊಳೆಯ ಹೆಸರು, ಸಾಜಾವಾ.
ಕೊನೆಗೆ ದೇಶ, ಚೆಕೊಸ್ಲೊವಾಕಿಯಾ.
ಅದು ಈಗ ಯಾವ ನಕ್ಷೆಯಲ್ಲೂ ಇಲ್ಲ.
ನಂಬರ್ ಪ್ಲೇಟಿನ ಮೈಸೂರು ರಾಜ್ಯವೂ ಇಲ್ಲ.
ಗಾಡಿ ಮಾತ್ರ ಲೀಟರಿಗೆ ಮೂವತ್ತು ಕೊಡುತ್ತದೆ,
ಆಯಿಲ್ ಸರಿಯಾಗಿ ಬೆರೆಸಿದರೆ.

ಎಂಬತ್ನಾಲ್ಕರಲ್ಲಿ ಆ ವಿಳಾಸಕ್ಕೆ ಕಾಗದ ಹಾಕಿದ್ದರಂತೆ:
ಒಂದು ಆಯಿಲ್ ಸೀಲ್ ಬೇಕು, ದುಡ್ಡು ಹೇಗೆ ಕಳಿಸಲಿ.
ಪೋಸ್ಟ್‌ಮಾಸ್ಟರರ ಇಂಗ್ಲಿಷು, ಇವರ ಹೆಬ್ಬೆರಳ ಗ್ರೀಸು.
ಎಂಟು ತಿಂಗಳಿಗೆ ಒಂದು ಚಿತ್ರದ ಕಾರ್ಡು ಬಂತು.
ಗುಂಡನೆ ಕಲ್ಲುಗುಡಿ, ಮಗ್ಗುಲಲ್ಲಿ ಚೌಕದ ಬುರುಜು,
ಕೆಳಗೆ ಬಳುಕಿ ಹೋಗುವ ಹೊಳೆ.
ಹಿಂದುಗಡೆ ನಾಲ್ಕು ಸಾಲು, ಅವರ ಭಾಷೆಯಲ್ಲಿ.
ಸ್ಟೇಷನ್ ಮಾಸ್ಟರಿಗೆ ಓದಲು ಬರಲಿಲ್ಲ, ಚರ್ಚಿನ ಫಾದರಿಗೂ ಬರಲಿಲ್ಲ.
ಅಕ್ಷರಗಳ ನೆತ್ತಿಗೆ ಗೆರೆ, ಕೊಕ್ಕೆ,
ನಮ್ಮ ಗುಡಿಸಿನ ಹಾಗೆ ಕಂಡರೂ ಒಳಗೆ ಬಿಡವು.

ಹಾಗಾಗಿ ನಲವತ್ತು ವರ್ಷ ಚಿತ್ರವನ್ನೇ ಓದಿದರು.
ಬುರುಜಿನಲ್ಲೊಬ್ಬ ಪಾಳೇಗಾರ, ಗಂಡುಮಕ್ಕಳಿಲ್ಲದವನು.
ಅವನ ಕಾಲ ಮುಗಿದ ಮೇಲೆ ಕುಂಬಾರರು, ಕುಂಬಾರರಾದ ಮೇಲೆ ಫ್ಯಾಕ್ಟರಿ.
ಹೊಳೆ ಬದಿ ಬಲಕ್ಕೆ ತಿರುಗಿದರೆ ಗೇಟು. ಬೆಳಿಗ್ಗೆ ಆರಕ್ಕೆ ಸೈರನ್ನು.
"ಯಾರು ಹೇಳಿದ್ದು?"
"ಗಾಡಿ ಹೇಳ್ತು. ಕಿಕ್ಕನ್ನೇ ಮಡಚಿ ಗೇರು ಮಾಡವ್ರೆ,
ಕಬ್ಬಿಣಕ್ಕೆ ಎಷ್ಟು ತತ್ವಾರ ಇರಬೇಕು!
ದಾರಿ ಎಷ್ಟು ಏರು, ಚಳಿ ಎಷ್ಟು,
ಬಿಚ್ಚಿ ನೋಡಿದ್ರೆ ತಿಳಿಯಲ್ವಾ?"

ನಾನು ಫೋನು ತೆಗೆದು ಕಾರ್ಡಿನ ಮೇಲೆ ಹಿಡಿದೆ.
ನಾಲ್ಕು ಸಾಲು ಕುಂಟುತ್ತ ಕನ್ನಡಕ್ಕೆ ಬಂದವು:
ಆ ಭಾಗ ಈಗ ತಯಾರಾಗುವುದಿಲ್ಲ, ಕ್ಷಮಿಸಿ.
ಈ ವಾರ ಹೊಳೆ ಏರಿ ನೆಲಮಾಳಿಗೆಗೆ ನೀರು.
ಆಲೂಗಡ್ಡೆಯನ್ನೆಲ್ಲ ಮೇಲಕ್ಕೆ ಸಾಗಿಸಿದೆವು.
ನಿಮ್ಮೂರಲ್ಲಿ ಹೊಳೆ ಇದೆಯೆ?

ಸಾಬರು ಸ್ಪ್ಯಾನರ್ ಕೆಳಗಿಟ್ಟರು.
"ಪಾಪ, ಇಷ್ಟು ವರ್ಷ ಕಾಯಿಸಿಬಿಟ್ಟೆನಲ್ಲ."
ಆಮೇಲೆ, "ಬರ್ಕೊಳಿ."

ನಮ್ಮಲ್ಲಿ ಹೊಳೆಯಿಲ್ಲ. ಹಳಿಯಿದೆ.
ಬೆಂಗಳೂರಿಂದ ಬಂದು ಕವಲಾಗುತ್ತೆ,
ಹುಬ್ಬಳ್ಳಿ ಕಡೆಗೊಂದು, ಮೈಸೂರು ಕಡೆಗೊಂದು.
ರಾತ್ರಿ ಎರಡಕ್ಕೂ ಚಾ ಸಿಗುತ್ತೆ.
ಕೆರೆ ಐತೆ, ಯಾರೋ ರಾಣಿದು.
ಕೆಲವು ವರ್ಷ ನೀರು, ಕೆಲವು ವರ್ಷ ಕ್ರಿಕೆಟ್ಟು.
ನಿಮ್ಮ ಥರದ ಹಳೇ ಕಲ್ಲುಗುಡಿ ನಮ್ಮಲ್ಲೂ ಐತೆ, ಶಿವಂದು;
ಅದರ ಮಂಟಪ ಗುಂಡಗಲ್ಲ, ನಕ್ಷತ್ರ.
ಅಲ್ಲಿಯ ಬಯಲಲ್ಲೇ ನಾನು ಕ್ಲಚ್ ಬಿಡೋದು ಕಲಿತಿದ್ದು.
ನೆಲ ಒಣಾದ್ರೂ ತೆಂಗು ನಿಂತವೆ.
ಕಾಯನ್ನ ಅಟ್ಟದ ಮೇಲೆ ಸುಮ್ಮನೆ ಇಡ್ತೀವಿ, ತಿಂಗಳುಗಟ್ಟಲೆ,
ಒಳಗಿನ ನೀರು ತಾನಾಗೇ ಆರಿ
ಕೊಬ್ಬರಿ ಗಲಗಲ ಅನ್ನೋವರೆಗೂ.
ಆ ಸದ್ದು ಬಂದ ಮೇಲೇ ಬೆಲೆ.
ನಿಮ್ಮ ನೆಲಮಾಳಿಗೆ ಒಣಗಿತಾ?

"ಸಾಕಾ?" ಅಂದೆ. ಎರಡು ಪುಟ ದಾಟಿತ್ತು.
ಕಿಕ್ಕಿನ ಮೇಲೆ ಕಾಲಿಟ್ಟು ಯೋಚಿಸಿದರು.
"ಇನ್ನೊಂದು ಸೇರಿಸಿ ಮೇಷ್ಟ್ರೇ.
ಸೀಲಿಂದು ಚಿಂತೆ ಬೇಡ ಅನ್ನಿ,
ಹಳೇ ಟ್ಯೂಬು ಕತ್ತರಿಸಿ ಅವತ್ತೇ ಮಾಡ್ಕೊಂಡೆ."